ಉಳಿದದ್ದೆಲ್ಲ ನಾರ್ಮಲ್

ಕನ್ನಡಕದ ಅಂಗಡಿಯವನು ಗುಂಪಿಗೆ ಹಾಕಿದ ನೋಟೀಸಿನಲ್ಲಿ ನನ್ನ ಹೆಸರಿರಲಿಲ್ಲ. ‘ಭಾನುವಾರ ಮಧ್ಯಾಹ್ನ ಮೂರಕ್ಕೆ ಗಿಟಾರ್ ಮೇಷ್ಟ್ರ ಕ್ಲಾಸಿನಲ್ಲಿ ಸಭೆ. ವಿಷಯ: ಹಳೆಯ ವಿಡಿಯೋಗಳನ್ನು ಹೊಸ ವೆಬ್‌ಸೈಟಿಗೆ ಸಾಗಿಸುವುದು ಮತ್ತು ಅವುಗಳ ಕೆಳಗಿನ ಬರಹಗಳನ್ನು ಕೈಬಿಡುವುದು’ ಎಂದಿತ್ತು. ಬರಹಗಳಂತೆ! ಒಂಬತ್ತು ವರ್ಷ ಕೂತು, ಒಂದೊಂದೇ ವಿಡಿಯೋ ನೋಡಿ, ಅದರಲ್ಲಿ ಏನೇನಿದೆ ಎಂದು ಮುನ್ನೂರ ಹನ್ನೆರಡು ವರ್ಣನೆ ಬರೆದವಳು ನಾನು. ‘ಕೈಬಿಡಬೇಕೇ?’ ಎಂದು ಕೇಳುವಷ್ಟು ಸೌಜನ್ಯವೂ ಆ ಪುಣ್ಯಾತ್ಮನಿಗೆ ಇರಲಿಲ್ಲ.

ನಮ್ಮದು ಅಭಿಮಾನಿಗಳ ಗುಂಪು. ಯಾವುದರ ಅಭಿಮಾನ ಎಂದು ಹೇಳಲು ನನಗೆ ಈಗಲೂ ಸ್ವಲ್ಪ ನಾಚಿಕೆ. ಬಹಳ ಹಿಂದೆ ಟಿವಿಯಲ್ಲಿ ಬಂದು ಹೋದ ಒಂದು ಧಾರಾವಾಹಿ. ಬಂದರಿನ ಠಾಣೆಯಲ್ಲಿ ಒಬ್ಬ ಇನ್ಸ್‌ಪೆಕ್ಟರು, ಶವಪರೀಕ್ಷೆ ಮಾಡುವ ಒಬ್ಬಳು ಡಾಕ್ಟರು. ತೊಂಬತ್ತನಾಲ್ಕು ಕಂತು ಒಬ್ಬರನ್ನೊಬ್ಬರು ನೋಡಿಕೊಂಡೇ ಕಳೆದರು, ಕೈ ಕೂಡ ಹಿಡಿಯಲಿಲ್ಲ. ತೊಂಬತ್ತೈದನೆಯದರಲ್ಲಿ ಅವಳಿಗೆ ವರ್ಗವಾಯಿತು, ಧಾರಾವಾಹಿ ಮುಗಿಯಿತು. ಆ ಸಂಕಟ ತಡೆಯಲಾರದವರೆಲ್ಲ ಸೇರಿ ಗುಂಪು ಕಟ್ಟಿದರು. ಹಳೆಯ ಕಂತುಗಳಿಂದ ಅಲ್ಲೊಂದು ಇಲ್ಲೊಂದು ತುಣುಕು ಕತ್ತರಿಸಿ, ಯಾವುದಾದರೂ ಹಾಡಿಗೆ ಜೋಡಿಸಿ, ನಾಲ್ಕು ನಿಮಿಷದ ವಿಡಿಯೋ ಮಾಡುವುದು ಇವರ ಕೆಲಸ. ಮೂರನೆಯ ಕಂತಿನಲ್ಲಿ ಅವನು ಕಳ್ಳನನ್ನು ದಿಟ್ಟಿಸಿದ್ದನ್ನೂ ಅರವತ್ತನೆಯ ಕಂತಿನಲ್ಲಿ ಅವಳು ನಾಯಿಮರಿಯನ್ನು ನೋಡಿ ನಕ್ಕದ್ದನ್ನೂ ಅಕ್ಕಪಕ್ಕ ಇಟ್ಟರೆ ಪ್ರೇಮವಾಯಿತು. ಧಾರಾವಾಹಿಯವರು ಮಾಡಿಸದ ಮದುವೆಯನ್ನು ಇವರು ಕತ್ತರಿ ಹಿಡಿದು ಮಾಡಿಸುತ್ತಾರೆ. ಎಲ್ಲರೂ ಬೆಳೆದವರು, ಮಕ್ಕಳೊಂದಿಗರು.

ನನ್ನನ್ನು ಇದಕ್ಕೆ ಎಳೆದವನು ನನ್ನ ತಮ್ಮ. ಲಿಫ್ಟ್ ರಿಪೇರಿ ಅವನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಮಹಡಿಗಳ ಮಧ್ಯೆ ನೇತಾಡಿ, ಮೊಣಕೈಗೆ ಗ್ರೀಸು ಬಳಿದುಕೊಂಡು ಬಂದು, ಕೈ ತೊಳೆದು ಕಂಪ್ಯೂಟರಿನ ಮುಂದೆ ಕೂತರೆ ಎಬ್ಬಿಸಲು ಯಾರಿಂದಲೂ ಆಗದು. ಬೇರೆಯವರ ಪ್ರೇಮವನ್ನು ಕತ್ತರಿಸಿ ಅಂಟಿಸಲು ಬರುತ್ತದೆ, ತನ್ನ ಸಂಸಾರದಲ್ಲಿ ಬಾಯಿ ಬರುವುದಿಲ್ಲ. ಮೂರು ವರ್ಷದ ಹಿಂದೆ ಅವನ ಹೆಂಡತಿ ಬಿಟ್ಟು ಹೋದಳು. ಜಗಳವಿಲ್ಲ, ರಂಪವಿಲ್ಲ. “ಗೋಡೆ ಜೊತೆ ಎಷ್ಟು ದಿನ ಮಾತಾಡ್ಲಿ ಅತ್ತಿಗೆ?” ಎಂದು ನನ್ನ ಹತ್ತಿರ ಹೇಳಿ ಹೋದಳು. ಎರಡು ತಿಂಗಳಿಗೆ ವಿಚ್ಛೇದನದ ಕಾಗದ ಬಂತು. ಇವನು ವಾರ ಬಿಟ್ಟು ಸಹಿ ಹಾಕಿದ. “ಒಂದು ಮಾತು ಕೇಳದೆ ಹೇಗೋ ಹಾಕ್ದೆ?” ಎಂದರೆ ಕಂಪ್ಯೂಟರಿನ ಕಡೆ ತಿರುಗಿ ಕೂತ.

ವರ್ಣನೆ ಶುರುವಾದದ್ದು ಒಬ್ಬ ಅಡುಗೆಯವನಿಂದ. ಅವನು ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದ, ನಮ್ಮ ಗುಂಪಿನಲ್ಲೂ ಇದ್ದ. ನಡುಸಮುದ್ರದಲ್ಲಿ ವಿಡಿಯೋ ತೆರೆಯುವುದಿಲ್ಲ, ಅಕ್ಷರ ಮಾತ್ರ ಬರುತ್ತದೆ, ಯಾರಾದರೂ ಅದರಲ್ಲೇನಿದೆ ಎಂದು ಬರೆದು ಕಳಿಸಿ ಎಂದು ಗೋಗರೆದ. “ಅಕ್ಕ, ನೀನು ದಿನಾ ಮಾಡೋ ಕೆಲಸಾನೇ ಅಲ್ವಾ” ಎಂದು ತಮ್ಮ ನನ್ನ ಕುತ್ತಿಗೆಗೆ ಕಟ್ಟಿದ. ಎರಡು ವರ್ಷಕ್ಕೆ ಅಡುಗೆಯವನು ಹಡಗು ಬಿಟ್ಟ, ಗುಂಪನ್ನೂ ಬಿಟ್ಟ. ನಾನು ಮಾತ್ರ ಬರೆಯುತ್ತಲೇ ಇದ್ದೆ. ವಿಡಿಯೋ ಮಾಡಿದವರು ಮೊದಲು ನನಗೆ ಕಳಿಸುವುದು, ನಾನು ವರ್ಣನೆ ಬರೆದು ವಾಪಸು ಕೊಡುವುದು, ಆಮೇಲೆ ಎರಡನ್ನೂ ಸೇರಿಸಿ ಗುಂಪಿಗೆ ಹಾಕುವುದು. ಹೀಗೊಂದು ಪದ್ಧತಿಯಾಯಿತು.

ದಿನಾ ಮಾಡುವ ಕೆಲಸವೆಂದರೆ, ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಟೈಪಿಸ್ಟು. ಡಾಕ್ಟರು ಪರದೆ ನೋಡುತ್ತ ಹೇಳಿದ್ದು ನನ್ನ ಕಿವಿಗೆ ಬೀಳುತ್ತದೆ, ಕಿವಿಯಿಂದ ಬೆರಳಿಗೆ ಹೋಗುತ್ತದೆ. ಕಂಡದ್ದನ್ನು ಬರೆ, ಕಾಣದ್ದನ್ನು ಬರೆಯಬೇಡ. ಅಲ್ಲಿ ಇರುವುದು ಅದೊಂದೇ ನಿಯಮ. ಜೊತೆಗೆ ಪ್ರತಿಯೊಂದು ಅಂಗಕ್ಕೂ ಮೊದಲೇ ಬರೆದಿಟ್ಟ ಒಂದು ಪಾಠವಿರುತ್ತದೆ, ಅದಕ್ಕೆ ನಾವು ‘ನಾರ್ಮಲ್’ ಎನ್ನುತ್ತೇವೆ. ಒಂದು ಗುಂಡಿ ಒತ್ತಿದರೆ ಯಕೃತ್ತು, ಪಿತ್ತಕೋಶ, ಮೂತ್ರಪಿಂಡಗಳೆಲ್ಲ ಸರಿಯಾದ ಗಾತ್ರದಲ್ಲಿ ಬಂದು ಸಾಲಾಗಿ ಕೂರುತ್ತವೆ. ಡಾಕ್ಟರು ವ್ಯತ್ಯಾಸ ಇದ್ದಷ್ಟನ್ನು ಹೇಳಿ, “ಉಳಿದದ್ದೆಲ್ಲ ನಾರ್ಮಲ್” ಎಂದು ಮುಗಿಸುತ್ತಾರೆ. ಒಮ್ಮೆ ನನ್ನ ಪಕ್ಕದ ಮೇಜಿನ ಹುಡುಗಿ ತಪ್ಪು ಗುಂಡಿ ಒತ್ತಿ ಒಬ್ಬ ಗಂಡಸಿನ ವರದಿಯಲ್ಲಿ ಗರ್ಭಕೋಶ ನಾರ್ಮಲ್ ಎಂದು ಕಳಿಸಿದ್ದಳು. ಒಂದು ತಿಂಗಳು ನಾನು ಅವಳನ್ನು ಆಡಿಕೊಂಡೆ. ಅವಳು ಬೇರೆ ಕೋಣೆಗೆ ಜಾಗ ಬದಲಾಯಿಸಿಕೊಂಡಳು.

ಆದರೆ ಇನ್ನೂರು ವಿಡಿಯೋ ನೋಡಿದ ಮೇಲೆ ಯಾರಿಗಾದರೂ ತಲೆ ಕೆಡುತ್ತದೆ. ಎಲ್ಲದರಲ್ಲೂ ಅದೇ ಕಾರಿಡಾರು, ಅದೇ ಮಳೆ, ಅದೇ ಕಿಟಕಿ. ಹಾಡು ಬದಲಾದರೆ ತಮ್ಮ ತುಣುಕುಗಳೂ ಬದಲಾದವೆಂದು ಇವರ ಭ್ರಮೆ. ನಾನೂ ಒಂದು ನಾರ್ಮಲ್ ಮಾಡಿಟ್ಟುಕೊಂಡೆ. ಹೊಸ ವಿಡಿಯೋ ಬಂದರೆ ಗುಂಡಿ ಒತ್ತುವುದು, ಆಮೇಲೆ ನೋಡಿ ಅಷ್ಟಿಷ್ಟು ತಿದ್ದುವುದು. ನೂರಕ್ಕೆ ಎಂಬತ್ತು ಸಲ ಮಳೆ ತೆಗೆದು ಬಿಸಿಲು ಹಾಕಿದರೆ ಸಾಕಾಗುತ್ತಿತ್ತು. ಹಾಗೆ ಬರೆದ ಒಂದನ್ನು ಓದಿ ಮೀನಿನ ತೊಟ್ಟಿ ಮಾರುವ ಅಂಗಡಿಯವಳು ಫೋನ್ ಮಾಡಿ ಅತ್ತಳು. “ನನ್ನ ಮನಸ್ಸೊಳಗೆ ಇಣುಕಿ ನೋಡಿ ಬರೆದ ಹಾಗಿದೆ ಅಕ್ಕ” ಎಂದಳು. ಮನಸ್ಸೂ ಇಲ್ಲ ಮಣ್ಣೂ ಇಲ್ಲ, ನಾನು ಇಣುಕಿದ್ದು ಕೀಬೋರ್ಡನ್ನು.

ಹೀಗೆ ಹೇಳಿದೆನೆಂದು ನನಗೆ ಆ ವರ್ಣನೆಗಳ ಮೇಲೆ ಪ್ರೀತಿ ಇಲ್ಲವೆಂದು ತಿಳಿಯಬೇಡಿ. ಸೆಂಟರಿನಲ್ಲಿ ಲಕ್ಷಗಟ್ಟಲೆ ಪುಟ ಬರೆದಿದ್ದೇನೆ, ಒಂದರ ಕೆಳಗೂ ನನ್ನ ಹೆಸರಿಲ್ಲ. ನನ್ನ ಹೆಸರಿರುವುದು ಈ ಮುನ್ನೂರ ಹನ್ನೆರಡರ ಕೆಳಗೆ ಮಾತ್ರ. ಅವು ಹೋದರೆ ನಾನು ಏನೂ ಬರೆದೇ ಇಲ್ಲ ಎಂದಾಗುತ್ತದೆ. ನೋಟೀಸು ನೋಡಿ ಮೂರು ದಿನ ಹೊಟ್ಟೆ ಉರಿಯಿತು.

ಸಭೆಗೆ ಹನ್ನೆರಡು ಜನ ಬಂದಿದ್ದರು. ಗೋಡೆಯ ಮೇಲೆ ಗಿಟಾರುಗಳು, ಕೆಳಗೆ ಮಡಿಸುವ ಕುರ್ಚಿಗಳು. ಮೇಷ್ಟ್ರು ಅಧ್ಯಕ್ಷರು, ಅವರು ಎಲ್ಲರ ಮಾತಿಗೂ ತಲೆಯಾಡಿಸುವವರಾದ್ದರಿಂದ ಆ ಸ್ಥಾನಕ್ಕೆ ಅವರೇ ತಕ್ಕವರು. ತಮ್ಮ ಎಂದಿನಂತೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಉಗುರಿನ ಸಂದಿಯ ಗ್ರೀಸು ಕೆರೆಯುತ್ತಿದ್ದ.

“ಮೇಡಂ, ಬೇಜಾರು ಮಾಡ್ಕೋಬೇಡಿ” ಎಂದು ಕನ್ನಡಕದವನು ಶುರು ಮಾಡಿದ. ಹಾಗೆ ಶುರು ಮಾಡುವವರು ಬೇಜಾರು ಮಾಡಿಯೇ ಏಳುತ್ತಾರೆ. “ವಿಡಿಯೋ ಕಣ್ಮುಂದೆ ಇದೆ. ಒತ್ತಿದ್ರೆ ಓಡುತ್ತೆ. ಅದರ ಕೆಳಗೆ ಅವಳು ಬಂದಳು, ಅವನು ನೋಡಿದ ಅಂತ ಯಾಕೆ? ಊಟಕ್ಕೆ ಕೂತವರ ಪಕ್ಕ ನಿಂತು, ಈಗ ತುತ್ತು ಬಾಯಿಗೆ ಹೋಯ್ತು, ಈಗ ಅಗಿದ್ರು ಅಂತ ಹೇಳಿದ ಹಾಗಿದೆ.”

ಎಲ್ಲರೂ ನಕ್ಕರು. ಮೀನಿನ ಅಂಗಡಿಯವಳೂ ನಕ್ಕಳು, ಅತ್ತವಳು.

“ಇನ್ನೊಂದು ವಿಷಯ” ಎಂದ ಅವನು, ನಗುವಿಗೆ ಉಬ್ಬಿ. “ಹಾಡಿನ ಏಟಿಗೆ ಸರಿಯಾಗಿ ಕಟ್ ಬೀಳೋದ್ರಲ್ಲಿ ಇರೋದು ಮಜಾ. ತಾಳಕ್ಕೆ ಸರಿಯಾಗಿ ಬಾಗಿಲು ಮುಚ್ಚಿತು ಅಂತ ನೀವು ಬರೆದ್ರೆ, ಓದುವವರಿಗೆ ತಾಳ ಕೇಳುತ್ತಾ?”

ಮಾತಿನಲ್ಲಿ ಹುರುಳಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

“ನಿನ್ನ ಅಂಗಡೀಲಿ ಗೋಡೆ ಮೇಲೆ ಅಕ್ಷರದ ಬೋರ್ಡು ಯಾಕಪ್ಪ ಹಾಕಿದೀಯ?” ಎಂದೆ. “ಕಾಣುತ್ತೆ ಕಾಣುತ್ತೆ ಅನ್ನೋರಿಗೆ ನಿಜವಾಗ್ಲೂ ಕಾಣುತ್ತಾ ಅಂತ ತಿಳ್ಕೊಳ್ಳೋಕೆ ತಾನೆ? ಇದೂ ಅಷ್ಟೆ. ಬರೆಯೋಕೆ ಕೂತಾಗಲೇ ಗೊತ್ತಾಗೋದು, ನೋಡಿದ್ದೇವೋ ಇಲ್ವೋ ಅಂತ. ಹೋದ ವರ್ಷದ ನಿನ್ನ ವಿಡಿಯೋದಲ್ಲಿ ಇನ್ಸ್‌ಪೆಕ್ಟರ ಎಡಗೈ ಬ್ಯಾಂಡೇಜು ಮುಂದಿನ ಶಾಟಲ್ಲಿ ಬಲಗೈಗೆ ಹೋಗಿದೆ. ಮುಖ ಈ ಕಡೆ ಇರಲಿ ಅಂತ ಶಾಟನ್ನ ತಿರುವಿ ಹಾಕಿದೀಯ. ಇಲ್ಲಿರೋರೆಲ್ಲ ನೋಡಿ ವಾಹ್ ಅಂದ್ರು. ಕಂಡಿದ್ದು ನನಗೊಬ್ಬಳಿಗೆ.”

“ಅದನ್ನ ಫೋನ್ ಮಾಡಿ ಹೇಳಿದ್ರೆ ಆಗ್ತಿತ್ತಲ್ಲ ಮೇಡಂ.”

ಮತ್ತೆ ನಗು. ಆಮೇಲೆ ಅವನು ನಿಜವಾದ ಏಟು ಕೊಟ್ಟ. “ಸರಿ, ಒಂದು ಕೇಳ್ತೀನಿ. ತಮ್ಮ ವಿಡಿಯೋದ್ದು ಬಿಟ್ಟು ಬೇರೆಯವರ ವಿಡಿಯೋದ ವರ್ಣನೆ ಒಂದಾದ್ರೂ ಪೂರ್ತಿ ಓದಿದವರು ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ. ಒಂಬತ್ತು ವರ್ಷ! ಹೊಗಳುವಾಗ ಹೂವಿನಂತೆ ಸುರಿಸಿದವರು, ಇವರಲ್ಲಿ ಒಬ್ಬರೂ ಓದಿಲ್ಲ. ಇವರು ಕತ್ತರಿಸಿ ಅಂಟಿಸಿದ ಕಸವನ್ನು ನಾನು ಮುನ್ನೂರು ಸಲ ಕಣ್ಣಿಟ್ಟು ನೋಡಿದ್ದೆ, ನನ್ನ ನಾಲ್ಕು ಸಾಲು ಓದಲು ಇವರಿಗೆ ಪುರುಸೊತ್ತಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಅದು ಅಳುವಲ್ಲ, ಬೈಗುಳ. ಮೇಷ್ಟ್ರು ತಲೆಯಾಡಿಸುತ್ತ, “ಹಾಗಾದ್ರೆ ಮತಕ್ಕೆ ಹಾಕೋಣ್ವಾ?” ಎಂದರು.

ಆಗ ತಮ್ಮ ಎದ್ದು ನಿಂತ. ಹನ್ನೊಂದು ವರ್ಷದ ಗುಂಪಿನಲ್ಲಿ ಅವನು ಎದ್ದು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಫೋನ್ ತೆಗೆದು, “ಒಂದು ನಿಮಿಷ. ನಮ್ಮಕ್ಕ ಬರೆದಿದ್ದು ಒಂದು ಓದ್ತೀನಿ. ಇದು ಗುಂಪಲ್ಲಿ ಬಂದಿಲ್ಲ” ಎಂದ. ನಿಧಾನವಾಗಿ, ಒಂದನೇ ಕ್ಲಾಸಿನ ಹುಡುಗ ಪಾಠ ಒಪ್ಪಿಸಿದಂತೆ ಓದಿದ.

“ಖಾಲಿ ಕಾರಿಡಾರು. ದೂರದಿಂದ ಅವಳು ಬರುತ್ತಾಳೆ. ಅವನು ತಲೆ ಎತ್ತುತ್ತಾನೆ. ಮಳೆ. ಎರಡನೆಯ ಚರಣಕ್ಕೆ ಇಬ್ಬರೂ ಬೇರೆ ಬೇರೆ ಕಿಟಕಿಗಳಲ್ಲಿ ನಿಂತಿದ್ದಾರೆ. ಬಾಗಿಲು ತೆರೆಯುತ್ತದೆ. ಕೊನೆಯಲ್ಲಿ ಅವಳು ತಿರುಗಿ ನೋಡುತ್ತಾಳೆ. ಈ ಸಲ ಅವನು ಅಲ್ಲೇ ಇದ್ದಾನೆ.”

ಮೊದಲ ಎರಡು ಪದಕ್ಕೇ ನನಗೆ ಗೊತ್ತಾಗಿತ್ತು. ಅದು ನಾರ್ಮಲ್. ಒಂದಕ್ಷರ ತಿದ್ದದ, ಗುಂಡಿ ಒತ್ತಿದಾಗ ಬಂದ ಹಾಗೇ ಇರುವ ನಾರ್ಮಲ್. ಮೂರು ವರ್ಷದ ಹಿಂದೆ ಸೆಂಟರಿನಲ್ಲಿ ಇಬ್ಬರು ಟೈಪಿಸ್ಟುಗಳು ರಜೆಯಲ್ಲಿದ್ದ ವಾರ ತಮ್ಮ ಒಂದು ವಿಡಿಯೋ ಕಳಿಸಿ, ‘ಅಕ್ಕ, ಇದನ್ನ ನೋಡು’ ಎಂದು ಬರೆದಿದ್ದ. ಇನ್ನೊಂದು ಕಾರಿಡಾರು ಅಷ್ಟೇ ತಾನೆ ಎಂದುಕೊಂಡು, ತೆರೆಯದೆ, ಗುಂಡಿ ಒತ್ತಿ ಕಳಿಸಿದ್ದೆ. ಆಮೇಲೆ ನೋಡಿದರಾಯಿತು ಎಂದಿದ್ದೆ. ಆ ಆಮೇಲೆ ಬರಲೇ ಇಲ್ಲ.

“ಇದರಲ್ಲಿ ಬರೆದಿರೋದು ಯಾವುದೂ ನನ್ನ ವಿಡಿಯೋದಲ್ಲಿ ಇಲ್ಲ” ಎಂದ ತಮ್ಮ.

ಕನ್ನಡಕದವನು ಕಣ್ಣರಳಿಸಿದ. ನಾನು ಕುರ್ಚಿಯ ಅಂಚು ಹಿಡಿದೆ.

“ನನ್ನ ವಿಡಿಯೋದಲ್ಲಿ ಜನರೇ ಇಲ್ಲ” ಎಂದು ತಮ್ಮ ಮುಂದುವರಿಸಿದ. “ತೊಂಬತ್ತೈದು ಕಂತಲ್ಲೂ ಅವಳು ಎದ್ದು ಹೋದ ಮೇಲೆ ಒಂದೆರಡು ಸೆಕೆಂಡು ಖಾಲಿ ಉಳಿಯುತ್ತಲ್ಲ, ಅದನ್ನ ಮಾತ್ರ ಆರಿಸಿ ಜೋಡಿಸಿದ್ದೆ. ಖಾಲಿ ಮೇಜು, ಖಾಲಿ ಮೆಟ್ಟಿಲು, ತೂಗ್ತಾ ಇರೋ ಬಾಗಿಲು. ಮನೇಲಿ ಆಗ... ನಿಮಗೆಲ್ಲ ಗೊತ್ತಲ್ಲ. ಬಾಯಲ್ಲಿ ಹೇಳೋಕೆ ನನಗೆ ಬರಲ್ಲ. ಎರಡು ಜನಕ್ಕೆ ಮಾತ್ರ ಕಳಿಸಿದೆ. ಒಬ್ಬರು ನೋಡ್ಲಿಲ್ಲ. ನಮ್ಮಕ್ಕ ನೋಡಿದ್ಲು. ಕಂಡದ್ದನ್ನೇ ಬರೆಯೋಳು ನಮ್ಮಕ್ಕ, ಕಾಣದ್ದು ಒಂದಕ್ಷರ ಬರೆಯಲ್ಲ. ಅವತ್ತು ಮಾತ್ರ ಇಲ್ಲದ್ದನ್ನ ಬರೆದ್ಲು. ನನಗೋಸ್ಕರ. ಅವಳು ತಿರುಗಿ ನೋಡ್ತಾಳೆ, ಅವನು ಅಲ್ಲೇ ಇದ್ದಾನೆ ಅಂತ. ಆರು ತಿಂಗಳು ನಾನು ಬೆಳಗ್ಗೆ ಇದನ್ನ ಓದ್ಕೊಂಡೇ ಕೆಲಸಕ್ಕೆ ಹೋದೆ.”

ಅವನು ಕೂತ. ಮೀನಿನ ಅಂಗಡಿಯವಳು ಬಿಕ್ಕಿದಳು. ಅವಳ ಕಣ್ಣೀರಿಗೆ ಏನೂ ಕಾರಣ ಬೇಡ, ಆದರೆ ಉಳಿದವರೂ ಮೂಗು ಒರೆಸಿಕೊಳ್ಳುತ್ತಿದ್ದರು. ಮತಕ್ಕೆ ಹಾಕಿದಾಗ ಹನ್ನೆರಡೂ ಕೈ ಎದ್ದವು, ಕನ್ನಡಕದವನದ್ದು ಎಲ್ಲರಿಗಿಂತ ಎತ್ತರಕ್ಕೆ. “ಮೇಡಂ, ಕ್ಷಮಿಸಿ. ಇಷ್ಟು ಆಳ ಇದೆ ಅಂತ ಗೊತ್ತಿರಲಿಲ್ಲ” ಎಂದ. ಮುನ್ನೂರ ಹನ್ನೆರಡೂ ಉಳಿದವು. ಕಣ್ಣಿಟ್ಟು ನೋಡಿ ಬರೆದದ್ದಕ್ಕೆ ಸಿಗದ ಮರ್ಯಾದೆ ನೋಡದೆ ಒತ್ತಿದ ಗುಂಡಿಗೆ ಸಿಕ್ಕಿತು. ನಾನು ಬಾಯಿ ಬಿಡಲಿಲ್ಲ. ಹೇಡಿತನ ಎನ್ನಿ, ಗೆದ್ದವಳು ಯಾರು ಬಾಯಿ ಬಿಡುತ್ತಾಳೆ?

ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ಇಬ್ಬರೂ ಮುಂದಿನ ಸೀಟಿನಲ್ಲಿ ಕೂತೆವು. ತಮ್ಮ ಅಂದು ಮಾತಿನ ಮಲ್ಲನಾಗಿದ್ದ. ಕನ್ನಡಕದವನ ಮುಖ ಹೇಗಾಯಿತು ನೋಡಿದೆಯಾ, ಮೇಷ್ಟ್ರು ತಲೆಯಾಡಿಸುವುದನ್ನೇ ಮರೆತರು ನೋಡಿದೆಯಾ ಎಂದೆಲ್ಲ ನಗುತ್ತಿದ್ದ. ನಾನು ಹೂಂಗುಟ್ಟುತ್ತಿದ್ದೆ. ಎರಡು ಸ್ಟಾಪು ಕಳೆದ ಮೇಲೆ ಅವನ ದನಿ ಮೆತ್ತಗಾಯಿತು.

“ಅಕ್ಕ, ಮೂರು ವರ್ಷದಿಂದ ಕೇಳಬೇಕು ಅಂತಿದ್ದೆ. ಕೊನೇ ಶಾಟು ಧಾರಾವಾಹಿದಲ್ಲ ಅಂತ ನಿನಗೆ ಗೊತ್ತಾಯ್ತಾ?”

“ಗೊತ್ತಾಗದೆ ಏನು” ಎಂದೆ. ನಾಲಿಗೆಗೆ ಅಭ್ಯಾಸ.

“ನಾನು ಎಲ್ಲಿ ಗೊತ್ತಾಗಲ್ವೋ ಅಂದ್ಕೊಂಡಿದ್ದೆ. ಬಣ್ಣ ಎಲ್ಲ ಹೊಂದಿಸಿದ್ದೆ. ಯಾವುದರಿಂದ ಗುರುತು ಹಿಡಿದೆ?”

ಕಿಟಕಿಯ ಕಡೆ ತಿರುಗಿದೆ. ಹೊರಗೆ ಒಂದು ಪೆಟ್ರೋಲ್ ಬಂಕು, ಒಂದು ಔಷಧಿ ಅಂಗಡಿ, ಮತ್ತೆ ಒಂದು ಪೆಟ್ರೋಲ್ ಬಂಕು. ಒಂದು ಪರದೆಯೆಂದೋ, ಒಂದು ದೀಪವೆಂದೋ ಹೇಳಿ ಪಾರಾಗಬಹುದಿತ್ತು. ಆದರೆ ನೆನಪಿಗೆ ಬಂದದ್ದು ಆ ಗರ್ಭಕೋಶದ ಹುಡುಗಿ. ಅವಳಾದರೂ ತಪ್ಪು ತೋರಿಸಿದ ಕೂಡಲೇ ಒಪ್ಪಿಕೊಂಡಿದ್ದಳು.

“ನಾನು ನೋಡಿಲ್ಲ ಕಣೋ” ಎಂದೆ.

“ಏನು ನೋಡಿಲ್ಲ?”

“ಆ ವಿಡಿಯೋ. ತೆಗೆದೇ ಇಲ್ಲ. ನಿನಗೆ ಕಳಿಸಿದ್ದು ನಾನು ಮೊದಲೇ ಬರೆದಿಟ್ಟಿದ್ದ ನಾರ್ಮಲ್. ಎಲ್ಲರಿಗೂ ಅದನ್ನೇ ತಿದ್ದಿ ಕೊಡ್ತೀನಿ. ನಿನಗೆ ತಿದ್ದೂ ಇಲ್ಲ.”

ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೂ ತಿರುಗಿ ಬೈಯಲು ಬರುತ್ತಿತ್ತು. ಅವನು ಬೈಯಲಿಲ್ಲ. ಮುಂದಿನ ಕಂಬಿ ಹಿಡಿದುಕೊಂಡು, “ಆಮೇಲೂ ನೋಡಿಲ್ವಾ? ಒಂದು ಸಲಾನೂ?” ಎಂದ.

“ಇಲ್ಲ.”

“ಬೇರೆ ಯಾರಿಗಾದ್ರೂ ಕಳಿಸಿದ್ಯಾ?”

“ತೆಗೆದೇ ಇಲ್ಲ ಅಂದ್ನಲ್ಲೋ. ಯಾರಿಗೆ ಕಳಿಸಲಿ?”

ಅವನು ಫೋನ್ ತೆಗೆದ. ಹಳೆಯದನ್ನೆಲ್ಲ ಸರಿಸುತ್ತ ಹೋದ. ಕೊನೆಗೆ ಆ ವಿಡಿಯೋ ಸಿಕ್ಕಿತು. ಸಣ್ಣ ಚೌಕದೊಳಗೆ ಅದೇ ಕೊನೇ ಶಾಟು: ಊಟದ ಮೇಜು, ಮೂರು ಕುರ್ಚಿ, ನಾಲ್ಕನೆಯದು ಇರಬೇಕಾದಲ್ಲಿ ನೆಲ. ಅವನ ಮನೆಯದೇ ಮೇಜು. ಬಿಟ್ಟು ಹೋಗುವಾಗ ಅವನ ಹೆಂಡತಿ ಬೆನ್ನುನೋವಿಗೆಂದು ಕೊಂಡಿದ್ದ ತನ್ನ ಕುರ್ಚಿಯನ್ನು ಜೊತೆಗೆ ಒಯ್ದಿದ್ದಳು. ಒಂದು ನೋಟಕ್ಕೇ ಗುರುತು ಸಿಗುವಂಥದ್ದು. ಅದರ ಕೆಳಗೆ, ನೋಡಿದವರ ಸಂಖ್ಯೆ ತೋರಿಸುವ ಜಾಗದಲ್ಲಿ, ಒಂದು ಎಂದಿತ್ತು.

“ನಾನು ನೋಡಿದ್ದು ಇದರಲ್ಲಿ ಸೇರಲ್ಲ” ಎಂದ. “ಒಂದೇ ಲಿಂಕನ್ನ ನಿನಗೂ ಅವಳಿಗೂ ಕಳಿಸಿದ್ದೆ. ಕಳಿಸಿದ ಮೂರನೇ ದಿನಕ್ಕೆ ಈ ಒಂದು ಬಂತು. ಅದೇ ದಿನ ನಿನ್ನ ವರ್ಣನೇನೂ ಬಂತು. ನೀನೇ ಅಂದ್ಕೊಂಡೆ.”

ನನಗೆ ಅರ್ಥವಾಯಿತು. ಅವನಿಗೂ ಅರ್ಥವಾಗಿತ್ತು. ಏನಾದರೂ ಹೇಳಬೇಕಿತ್ತು, ಫೋನ್ ಮಾಡು ಎನ್ನಬೇಕಿತ್ತು, ಆದರೆ ಅವಳು ಹೋದ ವರ್ಷ ಬೇರೆ ಮದುವೆಯಾದದ್ದು ಇಬ್ಬರಿಗೂ ಗೊತ್ತು.

“ನಾನು ಕಳಿಸಿದ್ದನ್ನ ಅವಳು ತೆಗೆದು ಕೂಡ ನೋಡ್ಲಿಲ್ಲ ಅಂತಾನೇ” ಎಂದ ತಮ್ಮ, “ನಾನು ಸಹಿ ಹಾಕಿದ್ದು ಅಕ್ಕ.”